ಕಿಣ್ವ, ಕೋಫ್ಯಾಕ್ಟರ್, ನಡುವೆ ಒಂದು ಲೋಹ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮಕ್ಕಳಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಜಗಳೂರು, ಹೊನ್ನಾಳಿ, ಚನ್ನಗಿರಿ, ಚಳ್ಳಕೆರೆ ಕಡೆಯಿಂದ ಬರುವ ಮಕ್ಕಳು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು ಜಾಸ್ತಿ. ಕಿಣ್ವ ಅಂದರೆ ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನು. ಕಿಣ್ವಗಳ ಪಾಠದಲ್ಲಿ ಲೋಹದ ಅಯಾನಿನ (ಚಾರ್ಜ್ ಇರುವ ಪರಮಾಣುವಿನ) ಹತ್ತಿರ ಬಂದಾಗ ಪ್ರತಿ ವರ್ಷ ಅದೇ ಗೊಂದಲ. ಗೈಡಿನಲ್ಲಿ ಒಂದು ಪಟ್ಟಿ ಇರುತ್ತದೆ: ಹೆಕ್ಸೋಕೈನೇಸಿಗೆ ಮೆಗ್ನೀಷಿಯಂ, ಯೂರಿಯೇಸಿಗೆ ನಿಕ್ಕಲ್, ಹೀಗೆ. ಅದನ್ನು ಬಾಯಿಪಾಠ ಮಾಡಿ ಬರೆದರೆ ಅಂಕ ಸಿಗುತ್ತದೆ. ಲೋಹ ಅಲ್ಲಿ ನಿಂತು ಏನು ಮಾಡುತ್ತಿದೆ ಅನ್ನೋದು ಮಾತ್ರ ತಿಳಿಯುವುದೇ ಇಲ್ಲ. ಕ್ಲಾಸಿನಲ್ಲೂ ಫೋನಿನಲ್ಲೂ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವು ಪ್ರಶ್ನೆ ಕೇಳಿದವರು ವಿದ್ಯಾರ್ಥಿಗಳಲ್ಲ, ಅವರ ಅಪ್ಪ ಅಮ್ಮ.

ಕೋಫ್ಯಾಕ್ಟರ್, ಸಹಕಿಣ್ವ ಎರಡೂ ಒಂದೇನಾ?

ಪೂರ್ತಿ ಒಂದೇ ಅಲ್ಲ. ಕೆಲಸ ಮಾಡಲು ಕಿಣ್ವಕ್ಕೆ ಪ್ರೋಟೀನಿನ ಜೊತೆ ಇನ್ನೇನಾದರೂ ಬೇಕಾದರೆ ಅದು ಕೋಫ್ಯಾಕ್ಟರ್. ಅದು ಬರೀ ಲೋಹದ ಅಯಾನು ಆಗಿರಬಹುದು. ಇಂಗಾಲ ಇರುವ ಸಣ್ಣ ಅಣುವೂ ಆಗಿರಬಹುದು. ಎರಡನೇ ಬಗೆಗೆ ಸಹಕಿಣ್ವ ಅನ್ನುತ್ತಾರೆ. ನಮ್ಮ ಬಿ ವಿಟಮಿನ್‌ಗಳಲ್ಲಿ ಹೆಚ್ಚಿನವು ಮೈಯೊಳಗೆ ಸಹಕಿಣ್ವಗಳಾಗಿ ಮಾರ್ಪಡುತ್ತವೆ. ಕೋಫ್ಯಾಕ್ಟರ್ ಇಲ್ಲದ ಬರಿ ಪ್ರೋಟೀನು ಅಪೋಎಂಜೈಮ್, ಎಲ್ಲ ಸೇರಿ ಕೆಲಸಕ್ಕೆ ತಯಾರಾದದ್ದು ಹೋಲೋಎಂಜೈಮ್.

ತೊಂದರೆ ಶುರುವಾಗುವುದೇ ಇಲ್ಲಿ. ಪುಸ್ತಕದಲ್ಲಿ ಲೋಹವನ್ನೂ ಸಹಕಿಣ್ವವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. ಓದಿದವರಿಗೆ ಎರಡಕ್ಕೂ ಸಂಬಂಧ ಇಲ್ಲ ಅನ್ನಿಸಿಬಿಡುತ್ತದೆ. ಎಷ್ಟೋ ಕಿಣ್ವಗಳಲ್ಲಿ ಸಹಕಿಣ್ವವನ್ನು ಪ್ರೋಟೀನಿಗೆ ಕಟ್ಟಿರುವ ಗಂಟೇ ಆ ಲೋಹ.

ಪ್ರೋಟೀನಿನಲ್ಲಿ 20 ಬಗೆ ಅಮೈನೋ ಆಮ್ಲ ಇವೆ. ಅಷ್ಟು ಸಾಲದಾ? ಲೋಹ ಯಾಕೆ?

ಒಳ್ಳೆಯ ಪ್ರಶ್ನೆ. ಲೈಸಿನ್, ಆರ್ಜಿನಿನ್ ಇವಕ್ಕೆ ಪ್ಲಸ್ ಚಾರ್ಜ್ ಇದೆ. ಫಾಸ್ಫೇಟಿನಂಥ ಮೈನಸ್ ಚಾರ್ಜಿನ ಅಣುವನ್ನು ಅವು ಹಿಡಿಯುತ್ತವೆ, ಹಿಡಿದೂ ಹಿಡಿದಿವೆ. ಆದರೆ ಅವು ಉದ್ದನೆಯ ಬಳುಕುವ ಕೈಗಳು. ಚಾರ್ಜ್ ಒಂದೇ.

ಮೆಗ್ನೀಷಿಯಂ ಅಯಾನು ನೋಡಿ. ಎರಡು ಪ್ಲಸ್ ಚಾರ್ಜ್, ಅದೂ 72 ಪಿಕೋಮೀಟರ್ ತ್ರಿಜ್ಯದ ಒಂದು ಚುಕ್ಕೆಯಲ್ಲಿ. ಸುತ್ತಲೂ ಆರು ಜಾಗ: ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೆ ನಾಲ್ಕು. ಆ ಆರು ಜಾಗದಲ್ಲೂ ಆಮ್ಲಜನಕದ ಪರಮಾಣು ಬಂದು ಕೂರುವುದು ಅದಕ್ಕೆ ಇಷ್ಟ. ಕೋನ ಸುಮಾರು 90 ಡಿಗ್ರಿ. ಹಾಗಾಗಿ ಅದು ಹಿಡಿದ ವಸ್ತು ಅತ್ತಿತ್ತ ಅಲ್ಲಾಡದೆ, ಬೇಕಾದ ಮುಖ ಬೇಕಾದ ಕಡೆಗೇ ತಿರುಗಿ ನಿಲ್ಲುತ್ತದೆ. ಕಿಣ್ವಕ್ಕೆ ಬೇಕಾದದ್ದು ಇದೇ. ಸುಮ್ನೆ ಹಿಡಿದುಕೊಂಡರೆ ಆಗಲಿಲ್ಲ, ಸರಿಯಾದ ಭಂಗಿಯಲ್ಲಿ ಹಿಡಿಯಬೇಕು.

ಒಂದೇ ಒಂದು ಉದಾಹರಣೆ ಬಿಡಿಸಿ ಹೇಳಿ. ಪಟ್ಟಿ ಬೇಡ.

ಸರಿ, ನನಗೆ ತುಂಬ ಇಷ್ಟದ ಉದಾಹರಣೆ ಇದು. ಬಿ1 ವಿಟಮಿನ್, ಅಂದರೆ ಥಯಮಿನ್. ಜೀವಕೋಶದೊಳಗೆ ಅದಕ್ಕೆ ಎರಡು ಫಾಸ್ಫೇಟಿನ ಬಾಲ ಸೇರಿ ಥಯಮಿನ್ ಡೈಫಾಸ್ಫೇಟ್ ಆಗುತ್ತದೆ. ಇದು ಸಹಕಿಣ್ವ ಅಂತ ಲೋಹ್‌ಮನ್ ಮತ್ತು ಶೂಸ್ಟರ್ 1937ರಲ್ಲಿ ತೋರಿಸಿದರು.

ಈ ಅಣುವಿಗೆ ಮೂರು ಭಾಗ. ಒಂದು ತುದಿಯಲ್ಲಿ ಪಿರಿಮಿಡಿನ್ ಉಂಗುರ. ನಡುವೆ ಥಯಜೋಲಿಯಂ ಉಂಗುರ, ನಿಜವಾದ ಕೆಲಸ ನಡೆಯುವುದು ಇದರಲ್ಲಿ. ಇನ್ನೊಂದು ತುದಿಯಲ್ಲಿ ಎರಡು ಫಾಸ್ಫೇಟ್. ಫಾಸ್ಫೇಟಿನ ತುದಿ ಪೂರ್ತಿ ಮೈನಸ್. ಕಿಣ್ವದ ಗುಳಿಯಲ್ಲಿ ಅದು ಕೂರಬೇಕಾದ ಜಾಗದಲ್ಲೂ ಒಂದು ಆಸ್ಪಾರ್ಟೇಟ್ ಇದೆ, ಅದೂ ಮೈನಸ್. ಮೈನಸ್ಸಿಗೆ ಮೈನಸ್ ಆಗಿಬರಲ್ಲ. ನಡುವೆ ಯಾರಾದರೂ ಬೇಕು, ಅಲ್ವಾ?

ಅಲ್ಲಿ ಮೆಗ್ನೀಷಿಯಂ ಬಂದು ಕೂರುತ್ತದೆ. ಅದರ ಆರು ಜಾಗವನ್ನು ಎಣಿಸೋಣ. ಎರಡು ಜಾಗ ಫಾಸ್ಫೇಟುಗಳಿಗೆ, ಒಂದೊಂದು ಫಾಸ್ಫೇಟಿನಿಂದ ಒಂದೊಂದು ಆಮ್ಲಜನಕ. ಮೂರನೆಯದು ಆಸ್ಪಾರ್ಟೇಟಿಗೆ. ನಾಲ್ಕನೆಯದು ಒಂದು ಆಸ್ಪರಾಜಿನ್‌ಗೆ. ಐದನೆಯದಕ್ಕೆ ಪ್ರೋಟೀನಿನ ಬೆನ್ನೆಲುಬಿನ ಒಂದು ಆಮ್ಲಜನಕ. ಆರನೆಯದರಲ್ಲಿ ಒಂದು ನೀರಿನ ಅಣು. ಮೂರು ಕೈ ಪ್ರೋಟೀನಿನ ಕಡೆಗೆ, ಎರಡು ಸಹಕಿಣ್ವದ ಕಡೆಗೆ, ಒಂದು ನೀರಿಗೆ. ನಾನು ಗಂಟು ಅಂದದ್ದು ಇದನ್ನೇ.

ಬಾಲ ಹೀಗೆ ಬಿಗಿಯಾದ ಮೇಲೆ ಉಳಿದ ಎರಡು ಉಂಗುರಗಳು ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗಿ ನಿಲ್ಲುತ್ತವೆ. ಬಾಗಿದ್ದರಿಂದ ಪಿರಿಮಿಡಿನ್‌ನ ಅಮೈನೋ ಗುಂಪು ಥಯಜೋಲಿಯಂನ ಒಂದು ಇಂಗಾಲದ ಪಕ್ಕಕ್ಕೇ ಬರುತ್ತದೆ. ಆ ಇಂಗಾಲ ತನ್ನ ಪ್ರೋಟಾನ್ ಬಿಟ್ಟುಕೊಟ್ಟಾಗಲೇ ರಾಸಾಯನಿಕ ಕ್ರಿಯೆ ಶುರು. ಈ ಇಂಗಾಲದ ಗುಟ್ಟನ್ನು ರೊನಾಲ್ಡ್ ಬ್ರೆಸ್ಲೋ 1958ರಲ್ಲಿ ಬಿಡಿಸಿದರು. ಅಣುವಿನ ಈ ತುದಿಯಲ್ಲಿ ಮೆಗ್ನೀಷಿಯಂ ಹಿಡಿದುಕೊಳ್ಳುತ್ತದೆ, ಕೆಲಸ ಆ ಕಡೆ ನಡೆಯುತ್ತದೆ. ಕೆಲಸ ನಡೆಯುವ ಇಂಗಾಲವನ್ನು ಲೋಹ ಮುಟ್ಟುವುದೂ ಇಲ್ಲ. ಮೊದಲ ಸಲ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದನ್ನು ಕಣ್ಣಾರೆ ಕಂಡವರು ಯಾರು?

ಎಕ್ಸ್‌ರೇ ಸ್ಫಟಿಕ ವಿಧಾನದಲ್ಲಿ, ಅಂದರೆ ಕಿಣ್ವವನ್ನು ಸ್ಫಟಿಕ ಮಾಡಿ ಅದಕ್ಕೆ ಎಕ್ಸ್‌ರೇ ಹಾಯಿಸಿ, ಕಂಡರು. ಅದಕ್ಕೂ ಮುಂಚೆ, 1989ರಲ್ಲಿ, ಹಾಕಿನ್ಸ್, ಬೋರ್ಜಸ್, ಪೆರ್ಹಮ್ ಎಂಬ ಮೂವರು ಥಯಮಿನ್ ಬಳಸುವ ಬೇರೆ ಬೇರೆ ಕಿಣ್ವಗಳ ಅಮೈನೋ ಆಮ್ಲದ ಸರಣಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಎಲ್ಲದರಲ್ಲೂ ಗ್ಲೈಸಿನ್, ಆಸ್ಪಾರ್ಟೇಟ್, ಗ್ಲೈಸಿನ್ ಅಂತ ಶುರುವಾಗಿ ಸುಮಾರು 30 ಅಮೈನೋ ಆಮ್ಲ ದಾಟಿ ಎರಡು ಆಸ್ಪರಾಜಿನ್‌ಗಳಲ್ಲಿ ಮುಗಿಯುವ ತುಂಡು ಸಿಕ್ಕಿತು. ಸಹಕಿಣ್ವ ಕೂರುವುದು ಇಲ್ಲೇ ಅಂತ ಊಹಿಸಿದರು. 1992ರಲ್ಲಿ ಯೀಸ್ಟಿನ ಟ್ರಾನ್ಸ್‌ಕೀಟೋಲೇಸ್ ಕಿಣ್ವದ ರಚನೆಯನ್ನು ಲಿಂಡ್‌ಕ್ವಿಸ್ಟ್, ಷ್ನೈಡರ್ ಮತ್ತು ಜೊತೆಗಾರರು ಬಿಡಿಸಿದಾಗ ಅದೇ ತುಂಡಿನ ಆಸ್ಪಾರ್ಟೇಟ್, ಆಸ್ಪರಾಜಿನ್ ಲೋಹವನ್ನು ಹಿಡಿದುಕೊಂಡಿದ್ದವು. ಬರೀ ಅಕ್ಷರಗಳ ಸಾಲು ನೋಡಿ ಮಾಡಿದ ಊಹೆ ಮೂರೇ ವರ್ಷದಲ್ಲಿ ನಿಜವಾಯಿತು.

ಮೆಗ್ನೀಷಿಯಂ ಜಾಗಕ್ಕೆ ಕ್ಯಾಲ್ಸಿಯಂ ಹಾಕಿದರೆ ನಡೆಯುತ್ತಾ?

ಕೆಲವು ಕಡೆ ನಡೆಯುತ್ತದೆ. ಮೇಲೆ ಹೇಳಿದ ಟ್ರಾನ್ಸ್‌ಕೀಟೋಲೇಸಿನ ಸ್ಫಟಿಕದಲ್ಲಿ ಇದ್ದದ್ದೇ ಕ್ಯಾಲ್ಸಿಯಂ. ಅಲ್ಲಿ ಲೋಹದ ಕೆಲಸ ಹಿಡಿದುಕೊಳ್ಳುವುದು ಮಾತ್ರ, ಹಾಗಾಗಿ ಎರಡು ಪ್ಲಸ್ ಇರುವ ಬೇರೆ ಅಯಾನೂ ಒಗ್ಗುತ್ತದೆ.

ಎಲ್ಲ ಕಡೆ ಹಾಗಲ್ಲ. ಕ್ಯಾಲ್ಸಿಯಂ ದೊಡ್ಡದು, ಸುಮಾರು 100 ಪಿಕೋಮೀಟರ್. ಆರರ ಬದಲು ಏಳೆಂಟು ಜನರನ್ನು ಸುತ್ತ ಕೂರಿಸಿಕೊಳ್ಳುತ್ತದೆ, ಕೋನವೂ ಸಡಿಲ. ಸುತ್ತಲಿನ ನೀರನ್ನು ಬಿಟ್ಟು ಬೇರೆ ನೀರು ಹಿಡಿಯುವುದರಲ್ಲಿ ಮೆಗ್ನೀಷಿಯಂಗಿಂತ ಸುಮಾರು ಸಾವಿರ ಪಟ್ಟು ಚುರುಕು. ಲೋಹ ಕ್ರಿಯೆಯಲ್ಲೇ ಕೈ ಹಾಕುವ ಕಿಣ್ವಗಳಲ್ಲಿ ಈ ವ್ಯತ್ಯಾಸ ಕೆಲಸ ಕೆಡಿಸುತ್ತದೆ. ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ, ಫಾಸ್ಫೇಟ್ ಬಾಲದ ಅಣು) ಬಳಸುವ ಹಲವು ಕಿಣ್ವಗಳಿಗೆ ಕ್ಯಾಲ್ಸಿಯಂ ಕೊಟ್ಟರೆ ಅವು ನಿಂತೇ ಹೋಗುತ್ತವೆ.

ಎಟಿಪಿಯ ವಿಷಯ ಬಂತಲ್ಲ, ಅಲ್ಲೂ ಇದೇ ಕಥೆನಾ?

ಹೌದು. ಜೀವಕೋಶದಲ್ಲಿ ಒಂಟಿ ಎಟಿಪಿ ಕಡಿಮೆ. ಬಹುಪಾಲು ಎಟಿಪಿ ಮೆಗ್ನೀಷಿಯಂ ಜೊತೆಗೇ ಇರುತ್ತದೆ. ಗ್ಲೂಕೋಸಿಗೆ ಫಾಸ್ಫೇಟ್ ಸೇರಿಸುವ ಹೆಕ್ಸೋಕೈನೇಸ್ ಗುರುತು ಹಿಡಿಯುವುದು ಆ ಜೋಡಿಯನ್ನು. ಪರೀಕ್ಷೆಯಲ್ಲಿ ಎಟಿಪಿ ಅಂತಷ್ಟೇ ಬರೆಯುವ ಬದಲು ಮೆಗ್ನೀಷಿಯಂ-ಎಟಿಪಿ ಅಂತ ಬರೆಯಿರಿ. ಅರ್ಥ ಆಗಿದೆ ಅಂತ ನೋಡುವವರಿಗೆ ಗೊತ್ತಾಗುತ್ತದೆ.

ಹಾಗಾದರೆ ಎಲ್ಲ ಸಹಕಿಣ್ವಕ್ಕೂ ಲೋಹದ ಗಂಟು ಬೇಕೇ ಬೇಕಾ?

ಬೇಡ. ಈ ತಪ್ಪು ತುಂಬ ಜನ ಮಾಡುತ್ತಾರೆ. ಬಿ6ರಿಂದ ಬರುವ ಪಿರಿಡಾಕ್ಸಲ್ ಫಾಸ್ಫೇಟ್ ಒಂದು ಲೈಸಿನ್ ಜೊತೆ ನೇರವಾಗಿ ಬಂಧ ಕಟ್ಟಿಕೊಳ್ಳುತ್ತದೆ. ಎಫ್‌ಎಡಿ ಎಂಬ ಇನ್ನೊಂದು ಸಹಕಿಣ್ವವನ್ನು ಹೆಚ್ಚಿನ ಕಿಣ್ವಗಳು ಹೈಡ್ರೋಜನ್ ಬಂಧಗಳಿಂದಲೇ ಹಿಡಿದಿರುತ್ತವೆ. ಸತುವಿರುವ ಆಲ್ಕೋಹಾಲ್ ಡೀಹೈಡ್ರೋಜಿನೇಸಿನಲ್ಲಿ ಎನ್‌ಎಡಿ ಎಂಬ ಸಹಕಿಣ್ವ ಕೂರುವುದು ಒಂದು ಗುಳಿಯಲ್ಲಿ. ಸತು ಹಿಡಿಯುವುದು ಎನ್‌ಎಡಿಯನ್ನಲ್ಲ, ಆಲ್ಕೋಹಾಲನ್ನು. ಕಿಣ್ವದಲ್ಲಿ ಲೋಹ ಇದೆ ಅಂದ ತಕ್ಷಣ ಸಹಕಿಣ್ವವನ್ನು ಕಟ್ಟಿದ್ದು ಅದೇ ಅಂತ ತೀರ್ಮಾನಿಸಬೇಡಿ.

ಹೀಮ್, ಬಿ12 ಇವುಗಳಲ್ಲಿ ಲೋಹ ಸಹಕಿಣ್ವದ ಒಳಗೇ ಇದೆಯಲ್ಲ?

ಇದೆ. ಅಲ್ಲಿ ಉಂಗುರದ ನಡುವೆ ಲೋಹ ಕೂತಿರುತ್ತದೆ. ಹೀಮ್‌ನಲ್ಲಿ ಕಬ್ಬಿಣ, ಬಿ12ರಲ್ಲಿ ಕೋಬಾಲ್ಟ್. ಉಂಗುರದ ನಾಲ್ಕು ನೈಟ್ರೋಜನ್‌ಗಳು ಕಬ್ಬಿಣದ ನಾಲ್ಕು ಜಾಗ ತುಂಬಿದರೂ ಮೇಲೊಂದು ಕೆಳಗೊಂದು ಉಳಿಯುತ್ತದೆ. ಆ ಒಂದು ಜಾಗವನ್ನು ಪ್ರೋಟೀನು ಹಿಡಿದುಕೊಳ್ಳುತ್ತದೆ, ಇನ್ನೊಂದು ಕೆಲಸಕ್ಕೆ ಖಾಲಿ. ಯಾವ ಅಮೈನೋ ಆಮ್ಲ ಹಿಡಿದಿದೆ ಅನ್ನುವುದರ ಮೇಲೆ ಹೀಮ್‌ನ ಸ್ವಭಾವವೇ ಬದಲಾಗುತ್ತದೆ. ಹಿಮೋಗ್ಲೋಬಿನ್ನಿನಲ್ಲಿ ಹಿಸ್ಟಿಡಿನ್, ನಮ್ಮ ಕ್ಯಾಟಲೇಸಿನಲ್ಲಿ ಟೈರೋಸಿನ್, ಲಿವರಿನಲ್ಲಿ ಔಷಧಿಗಳನ್ನು ಕರಗಿಸುವ ಪಿ450 ಕಿಣ್ವಗಳಲ್ಲಿ ಸಿಸ್ಟೀನ್. ಹೀಮ್ ಅದೇ, ಕೈ ಬೇರೆ, ಕೆಲಸ ಬೇರೆ. ಬಿ12ರ ರಚನೆಯನ್ನು ಡೊರೊತಿ ಹಾಡ್ಜ್‌ಕಿನ್ 1956ರಲ್ಲಿ ಬಿಡಿಸಿದರು, 1964ರಲ್ಲಿ ಅವರಿಗೆ ನೊಬೆಲ್ ಬಂತು.

ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರು ನಾವು. ಬೇರಿನ ಗಂಟಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ, ಅದೂ ತುಂಬ ಗಟ್ಟಿ ಸಂಬಂಧ. ಮುಂದಿನ ಸಲ ಹೊಲಕ್ಕೆ ಹೋದಾಗ ಶೇಂಗಾ ಗಿಡ ಒಂದನ್ನು ಮೆಲ್ಲಗೆ ಕಿತ್ತು ಬೇರು ತೊಳೆಯಿರಿ. ಸಾಸಿವೆಯಿಂದ ಹಿಡಿದು ಸಣ್ಣ ಕಾಳಿನ ಗಾತ್ರದವರೆಗೆ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಮಾಂಸದ ಹಾಗೆ ನಸುಗೆಂಪು ಇದ್ದರೆ ಗಂಟು ಕೆಲಸ ಮಾಡುತ್ತಿದೆ. ಹಸಿರೋ ಬೂದುಬಣ್ಣವೋ ಆಗಿದ್ದರೆ ಅದರ ಕಾಲ ಮುಗಿದಿದೆ. ಆ ಕೆಂಪು ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನದು. ಅದರಲ್ಲೂ ಹೀಮ್, ಅದರಲ್ಲೂ ಕಬ್ಬಿಣ. ಗಂಟಿನಲ್ಲಿರುವ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಆಮ್ಲಜನಕ ತಾಗಿದರೆ ಕಿಣ್ವ ಕೆಡುತ್ತದೆ, ಅದಕ್ಕೇ ಈ ಕೆಂಪು ಕಾವಲು.

ಆ ಕಿಣ್ವ ನೈಟ್ರೋಜಿನೇಸ್. ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುತ್ತದೆ. ಅದರ ಕೋಫ್ಯಾಕ್ಟರಿನಲ್ಲಿ 7 ಕಬ್ಬಿಣ, 9 ಗಂಧಕ, 1 ಮಾಲಿಬ್ಡಿನಂ, ನಡುಮಧ್ಯದಲ್ಲಿ 1 ಇಂಗಾಲ. ನಡುವಿನ ಆ ಪರಮಾಣು ಇಂಗಾಲವೇ ಅಂತ ಖಚಿತವಾದದ್ದು 2011ರಲ್ಲಿ. ಇಷ್ಟು ದೊಡ್ಡ ಗೊಂಚಲನ್ನು ಪ್ರೋಟೀನಿಗೆ ಕಟ್ಟಿರುವುದು ಎರಡೇ ಕಡೆ. ಒಂದು ತುದಿಯ ಕಬ್ಬಿಣಕ್ಕೆ ಒಂದು ಸಿಸ್ಟೀನ್, ಇನ್ನೊಂದು ತುದಿಯ ಮಾಲಿಬ್ಡಿನಂಗೆ ಒಂದು ಹಿಸ್ಟಿಡಿನ್. ತೊಟ್ಟಿಲನ್ನು ಎರಡು ಕಡೆ ಕಟ್ಟಿ ತೂಗುಬಿಟ್ಟ ಹಾಗೆ. ಒಂದು ಸಾರಜನಕದ ಅಣುವಿಗೆ ಕಡಿಮೆಯೆಂದರೂ 16 ಎಟಿಪಿ ಖರ್ಚು, ಆ ಎಟಿಪಿಗಳೂ ಮೆಗ್ನೀಷಿಯಂ ಜೊತೆಗೇ ಬರುತ್ತವೆ.

ಬೆಣ್ಣೆ ದೋಸೆ ಹಿಟ್ಟು ಉಬ್ಬುವುದರಲ್ಲೂ ಲೋಹ ಇದೆಯಾ?

ಈ ಊರಲ್ಲಿ ಇದನ್ನು ಕೇಳದ ವರ್ಷವೇ ಇಲ್ಲ. ಇದೆ. ಅಕ್ಕಿ, ಉದ್ದು, ಒಂದು ಹಿಡಿ ಮಂಡಕ್ಕಿ ರುಬ್ಬಿ ರಾತ್ರಿ ಇಟ್ಟರೆ ಅದರಲ್ಲಿ ಬೆಳೆಯುವ ಮುಖ್ಯ ಬ್ಯಾಕ್ಟೀರಿಯಾ ಲ್ಯೂಕೊನಾಸ್ಟಾಕ್. ಅದು ಗ್ಲೂಕೋಸನ್ನು ಒಡೆಯುವಾಗ ಮೊದಲು ಒಂದು ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಬಿಡುತ್ತದೆ. ಹಿಟ್ಟನ್ನು ಮೇಲೆತ್ತುವ ಗಾಳಿ ಅದೇ. ಉಳಿದ ಐದು ಇಂಗಾಲದ ಸಕ್ಕರೆಯನ್ನು ಎರಡು ತುಂಡು ಮಾಡುವ ಕಿಣ್ವ ಫಾಸ್ಫೋಕೀಟೋಲೇಸ್. ಇದಕ್ಕೆ ಬೇಕಾದ್ದು ಥಯಮಿನ್ ಡೈಫಾಸ್ಫೇಟ್, ಅದನ್ನು ಹಿಡಿಯಲು ಮೆಗ್ನೀಷಿಯಂ. ಮೇಲೆ ಎಣಿಸಿದೆವಲ್ಲ, ಅದೇ ಗಂಟು. ಈ ಹೆಜ್ಜೆ ನಿಂತರೆ ಹಿಂದಿನ ಹೆಜ್ಜೆಗಳೂ ನಿಲ್ಲುತ್ತವೆ, ಹುಳಿಯೂ ಬರುವುದಿಲ್ಲ, ಉಬ್ಬುವುದೂ ಇಲ್ಲ.

ಇನ್ನೊಂದು ಮಾತು. ಅವಸರಕ್ಕೆ ಸೋಡಾ ಸುರಿದು ಉಬ್ಬಿಸುವುದು ನನಗೆ ಇಷ್ಟವಿಲ್ಲ. ರುಚಿಯ ಮಾತು ಬಿಡಿ, ಸೋಡಾದ ಕ್ಷಾರದಲ್ಲಿ ಬಿಸಿ ತಾಗಿದರೆ ಥಯಮಿನ್ ಬೇಗ ನಾಶವಾಗುತ್ತದೆ.

ಮೆಕ್ಕೆಜೋಳಕ್ಕೆ ಜಿಂಕ್ ಸಲ್ಫೇಟ್ ಹಾಕಿ ಅನ್ನುತ್ತಾರೆ. ಅದೂ ಕಿಣ್ವಕ್ಕೇನಾ?

ಬಹುಮಟ್ಟಿಗೆ ಹೌದು. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳ ಎಷ್ಟು ಅಂತ ಹೇಳಬೇಕಾಗಿಲ್ಲ. ಸತು ಸಾಲದಿದ್ದರೆ ಎಳೆ ಎಲೆಯ ನಡುನರದ ಎರಡೂ ಬದಿ ಬಿಳಿ ಪಟ್ಟಿ ಬರುತ್ತದೆ. ಹಳೆ ಎಲೆಯಿಂದ ಸತು ಹೊಸ ಎಲೆಗೆ ಸುಲಭವಾಗಿ ಹೋಗುವುದಿಲ್ಲ, ಅದಕ್ಕೇ ಎಳೆಯದರಲ್ಲೇ ಮೊದಲು ಕಾಣುವುದು. ಆರ್‌ಎನ್‌ಎ ಮಾಡುವ ಕಿಣ್ವದಿಂದ ಹಿಡಿದು ಎಷ್ಟೋ ಕಿಣ್ವಗಳಿಗೆ ಸತು ಬೇಕು. ಸತುವಿನ ಕಿಣ್ವ ಅಂತ ಮೊದಲು ಗೊತ್ತಾದದ್ದು ನಮ್ಮ ರಕ್ತದಲ್ಲೂ ಇರುವ ಕಾರ್ಬಾನಿಕ್ ಅನ್‌ಹೈಡ್ರೇಸ್, ಕೀಲಿನ್ ಮತ್ತು ಮಾನ್ 1940ರಲ್ಲಿ ತೋರಿಸಿದರು. ಅದರಲ್ಲಿ ಮೂರು ಹಿಸ್ಟಿಡಿನ್‌ಗಳು ಸತುವನ್ನು ಹಿಡಿದಿವೆ, ನಾಲ್ಕನೇ ಜಾಗದಲ್ಲಿ ನೀರು.

ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಕಲಸಿ ಹಾಕಬೇಡಿ, ಡಿಎಪಿ ಫಾಸ್ಫೇಟ್ ಇರುವ ಗೊಬ್ಬರ. ಫಾಸ್ಫೇಟ್ ಸತುವನ್ನು ಹಿಡಿದು ಕರಗದ ಉಪ್ಪು ಮಾಡಿಬಿಡುತ್ತದೆ. ಕಿಣ್ವದೊಳಗೆ ಉಪಕಾರಕ್ಕೆ ಬಂದ ಅದೇ ಸೆಳೆತ ಮಣ್ಣಿನಲ್ಲಿ ಅಡ್ಡಿಯಾಗುತ್ತದೆ.

ಇಷ್ಟು ಲೋಹಗಳಲ್ಲಿ ಕಿಣ್ವಕ್ಕೆ ತನ್ನದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಕಿಣ್ವದಿಂದ ಒಂಟಿಯಾಗಿ ಆ ಆಯ್ಕೆ ಆಗುವುದಿಲ್ಲ. ಹಿಡಿತದ ಬಲದಲ್ಲಿ ಮ್ಯಾಂಗನೀಸ್‌ಗಿಂತ ಕಬ್ಬಿಣ ಗಟ್ಟಿ, ಆಮೇಲೆ ಕೋಬಾಲ್ಟ್, ನಿಕ್ಕಲ್, ಎಲ್ಲಕ್ಕಿಂತ ಗಟ್ಟಿ ತಾಮ್ರ, ಸತು ಮತ್ತೆ ಸ್ವಲ್ಪ ಕಡಿಮೆ. ಇದಕ್ಕೆ ಇರ್ವಿಂಗ್-ವಿಲಿಯಮ್ಸ್ ಸರಣಿ ಎಂದು ಹೆಸರು. ಮೆಗ್ನೀಷಿಯಂ ಇವರೆಲ್ಲರಿಗಿಂತ ಸಡಿಲ. ಬಿಟ್ಟರೆ ತಾಮ್ರ ಎಲ್ಲರ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಆದ್ದರಿಂದ ಜೀವಕೋಶ ತಾಮ್ರವನ್ನು ಒಂಟಿಯಾಗಿ ಓಡಾಡಲು ಬಿಡುವುದೇ ಇಲ್ಲ. ಬೇರೆ ಪ್ರೋಟೀನುಗಳು ಅದನ್ನು ಕೈಹಿಡಿದು ಬೇಕಾದ ಕಿಣ್ವದ ಮನೆ ಬಾಗಿಲಿಗೇ ಬಿಟ್ಟುಬರುತ್ತವೆ. ಮೆಗ್ನೀಷಿಯಂಗೆ ಆ ಕಾವಲು ಬೇಕಿಲ್ಲ, ಅದು ಸಂಖ್ಯೆಯಲ್ಲೇ ಗೆಲ್ಲುತ್ತದೆ. ಚಿತ್ರದುರ್ಗದ ಪಕ್ಕ ಇಂಗಳದಾಳಿನ ಗಣಿಯಿಂದ ತೆಗೆಯುತ್ತಿದ್ದ ತಾಮ್ರವೇ ಬದನೆಕಾಯಿ ಹೆಚ್ಚಿದಾಗ ಕಪ್ಪಾಗಿಸುವ ಕಿಣ್ವದಲ್ಲೂ ಇರುವುದು. ಎರಡು ತಾಮ್ರದ ಅಯಾನು, ಒಂದೊಂದಕ್ಕೂ ಮೂರು ಹಿಸ್ಟಿಡಿನ್.

ಲ್ಯಾಬಿನಲ್ಲಿ ಲೋಹ ತೆಗೆದು ನೋಡಬಹುದಾ?

ನೋಡಬಹುದು, ನೋಡಲೇಬೇಕು. ಇಡಿಟಿಎ ಎಂಬ ವಸ್ತು ತನ್ನ ಆರು ಕೈಗಳಿಂದ ಲೋಹವನ್ನು ಸುತ್ತಿಕೊಂಡು ಕಿಣ್ವದಿಂದ ಎಳೆದುಬಿಡುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಇದಕ್ಕೆ ಒಳ್ಳೆಯದು. ಅದಕ್ಕೆ ಎರಡು ಸತು, ಒಂದು ಮೆಗ್ನೀಷಿಯಂ ಬೇಕು. ಟ್ಯೂಬಿಗೆ ಬಣ್ಣವಿಲ್ಲದ ಒಂದು ಪರೀಕ್ಷಾ ವಸ್ತು ಹಾಕುತ್ತೇವೆ, ಕಿಣ್ವ ಕೆಲಸ ಮಾಡಿ ಅದನ್ನು ಒಡೆದರೆ ದ್ರಾವಣ ಹಳದಿಯಾಗುತ್ತದೆ.

ಒಂದು ಸಲ ನಾನು ತಯಾರಿ ಮಾಡಿದ್ದೆ. ಇಡಿಟಿಎ ಹಾಕಿ, ಆಮೇಲೆ ಅದನ್ನು ತೆಗೆಯಲು ರಾತ್ರಿಯಿಡೀ ಡಯಾಲಿಸಿಸ್‌ಗೆ ಇಟ್ಟಿದ್ದೆ, ಅಂದರೆ ಸಣ್ಣ ಅಣುಗಳು ಮಾತ್ರ ದಾಟುವ ಚೀಲದಲ್ಲಿ ಕಿಣ್ವ ಹಾಕಿ, ಹೊರಗಿನ ನೀರನ್ನು ಬದಲಾಯಿಸುತ್ತಾ ಇಟ್ಟಿದ್ದೆ. ಬೆಳಿಗ್ಗೆ ಲೋಹ ಹಾಕದ ಟ್ಯೂಬೂ ನಿಧಾನಕ್ಕೆ ಹಳದಿಯಾಗತೊಡಗಿತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ಹುಡುಕಿದಾಗ ಗೊತ್ತಾಯಿತು, ಕೊನೆಯ ಸಲ ಬದಲಾಯಿಸಿದ್ದು ಡಿಸ್ಟಿಲ್ಡ್ ನೀರಲ್ಲ, ಬೋರ್‌ವೆಲ್ ನಲ್ಲಿಯ ನೀರು. ನಮ್ಮ ಗಡಸು ನೀರಿನ ಮೆಗ್ನೀಷಿಯಂ, ಜಿಐ ಪೈಪಿನ ಸತು ಎರಡೂ ಕಿಣ್ವಕ್ಕೆ ವಾಪಸ್ ಸಿಕ್ಕಿದ್ದವು. ಆ ದಿನದ ಪಾಠವನ್ನು ಆ ಬ್ಯಾಚಿನ ಮಕ್ಕಳು ಈಗಲೂ ನೆನಪಿಸುತ್ತಾರೆ.

ರಕ್ತ ಪರೀಕ್ಷೆಗೆ ಬೇರೆ ಬೇರೆ ಬಣ್ಣದ ಮುಚ್ಚಳದ ಟ್ಯೂಬ್ ಯಾಕೆ?

ನೇರಳೆ ಮುಚ್ಚಳದಲ್ಲಿ ಇಡಿಟಿಎ ಇದೆ. ಕ್ಯಾಲ್ಸಿಯಂ ಹಿಡಿದುಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದೇ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅಳೆದರೆ ತಪ್ಪು ಉತ್ತರ ಬರುತ್ತದೆ, ಕಾರಣ ಈಗ ನಿಮಗೇ ಗೊತ್ತು. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದಲ್ಲಿ ಫ್ಲೋರೈಡ್ ಇದೆ. ಅದು ಗ್ಲೂಕೋಸ್ ಒಡೆಯುವ ಹಾದಿಯಲ್ಲಿ ಬರುವ ಎನೊಲೇಸ್ ಕಿಣ್ವದ ಮೆಗ್ನೀಷಿಯಂ ಮೇಲೆ ಫಾಸ್ಫೇಟ್ ಜೊತೆ ಕೂತು ಗ್ಲೂಕೋಸ್ ಖರ್ಚಾಗುವುದನ್ನು ನಿಲ್ಲಿಸುತ್ತದೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ಫ್ಲೋರೈಡೂ ಹೀಗೇ ಮಾಡುತ್ತದಾ ಅಂತ ಕೇಳುತ್ತಾರೆ. ಟ್ಯೂಬಿನಲ್ಲಿರುವುದು ಆ ನೀರಿಗಿಂತ ನೂರಾರು ಪಟ್ಟು ಜಾಸ್ತಿ. ನೀರಿನ ಫ್ಲೋರೈಡು ಹಲ್ಲು, ಮೂಳೆಯಲ್ಲಿ ಸೇರಿಕೊಂಡು ಹಾನಿ ಮಾಡುತ್ತದೆ, ಅದರ ದಾರಿ ಬೇರೆ.

ಬಿ1 ಮಾತ್ರೆ ತಗೊಂಡರೂ ಗುಣ ಕಾಣದಿದ್ದರೆ ಮೆಗ್ನೀಷಿಯಂ ನೋಡಬೇಕಾ?

ನೋಡಬೇಕಾದ ಸಂದರ್ಭ ಇದೆ. ಥಯಮಿನ್‌ಗೆ ಫಾಸ್ಫೇಟ್ ಬಾಲ ಸೇರಿಸುವ ಕಿಣ್ವಕ್ಕೂ ಮೆಗ್ನೀಷಿಯಂ-ಎಟಿಪಿ ಬೇಕು, ಆಮೇಲೆ ಅದನ್ನು ಕಿಣ್ವಕ್ಕೆ ಕಟ್ಟಲೂ ಮೆಗ್ನೀಷಿಯಂ ಬೇಕು. ಮೆಗ್ನೀಷಿಯಂ ತೀರಾ ಕಡಿಮೆ ಇದ್ದವರಿಗೆ ಥಯಮಿನ್ ಕೊಟ್ಟರೂ ಸರಿಯಾಗಿ ಹತ್ತದೇ ಇರಬಹುದು, ವೈದ್ಯರಿಗೆ ಇದು ಗೊತ್ತಿರುವ ವಿಷಯ. ಬಹಳ ಕುಡಿಯುವವರಲ್ಲಿ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ಗ್ಯಾಸ್ಟ್ರಿಕ್‌ಗೆ ಅಂತ ಒಮೆಪ್ರಜೋಲ್ ಥರದ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗುವ ಕೆಲವರಲ್ಲೂ ಮೆಗ್ನೀಷಿಯಂ ಇಳಿಯುತ್ತದೆ. ದಯವಿಟ್ಟು ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಕಿಡ್ನಿ ತೊಂದರೆ ಇದ್ದವರಿಗೆ ಮೆಗ್ನೀಷಿಯಂ ಜಾಸ್ತಿಯಾದರೆ ಅಪಾಯ. ವೈದ್ಯರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ ಕೇಳಿ.

ಈ ಗಂಟನ್ನು ನಾನೂ ನೋಡಬಹುದಾ?

ಮೊಬೈಲಿನಲ್ಲೇ ನೋಡಬಹುದು, ದುಡ್ಡು ಬೇಕಿಲ್ಲ. 1971ರಿಂದ ನಡೆಯುತ್ತಿರುವ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಎಲ್ಲ ರಚನೆಗಳೂ ಬಿಟ್ಟಿಯಾಗಿ ಸಿಗುತ್ತವೆ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದು, ಟಿ, ಆರ್, ಕೆ (1TRK) ಅಂತ ನಾಲ್ಕು ಗುರುತು ಹೊಡೆಯಿರಿ. ಯೀಸ್ಟಿನ ಟ್ರಾನ್ಸ್‌ಕೀಟೋಲೇಸ್ ಬರುತ್ತದೆ. ಮೂರು ಆಯಾಮದ ಚಿತ್ರ ತೆರೆದು ಬೆರಳಿನಿಂದ ತಿರುಗಿಸಿ. ಮೊದಲು ಬರೀ ರಿಬ್ಬನ್ನಿನ ಸಿಕ್ಕು ಕಾಣುತ್ತದೆ, ಗಾಬರಿ ಬೇಡ. ಎರಡು ಪ್ರೋಟೀನ್ ಸರಪಳಿ ಸೇರುವ ಸಂದಿಯಲ್ಲಿ ಒಂದು ಒಂಟಿ ಗುಂಡು ಇರುತ್ತದೆ, ಅದು ಕ್ಯಾಲ್ಸಿಯಂ. ಅದರ ಮೇಲೆ ಒತ್ತಿದರೆ ಹತ್ತಿರಕ್ಕೆ ಹೋಗಿ ಸುತ್ತಲಿನ ಪರಮಾಣುಗಳಿಗೆ ಚುಕ್ಕಿ ಗೆರೆಗಳು ಮೂಡುತ್ತವೆ. ಎಣಿಸಿ. ಎರಡು ಗೆರೆ ಫಾಸ್ಫೇಟಿನ ಕಡೆಗೆ ಹೋಗುತ್ತವೆ. ಅಲ್ಲಿಂದ ಬಾಲ ಹಿಡಿದು ಮೇಲೆ ಹೋದರೆ ವಿ ಆಕಾರದಲ್ಲಿ ಬಾಗಿದ ಎರಡು ಉಂಗುರ ಸಿಗುತ್ತವೆ.